ಫೀಸಿಗಾಗಿ ಬನಾರಸಿ

ನಾಲ್ಕು ತಲೆಮಾರಿನಿಂದ ಕಾಶಿಯಲ್ಲೇ ಇದ್ದರೂ, ಯಾರಾದರೂ ಊರು ಕೇಳಿದರೆ ವಿಷ್ಣುತೀರ್ಥಾಚಾರ್ಯರು "ನಮ್ಮದು ಉಡುಪಿ" ಎಂದೇ ಹೇಳುತ್ತಿದ್ದರು. (ಉಡುಪಿಯನ್ನು ಅವರು ನೋಡಿದ್ದು ಒಂದೇ ಸಲ. ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗದೆ ಬೇಗನೆ ರೈಲು ಹತ್ತಿದ್ದರು.) ಹೀಗಿದ್ದ ಆಚಾರ್ಯರಿಗೆ ತಾವು ಉತ್ತರ ಪ್ರದೇಶದವರೆಂದು ರುಜುವಾತು ಮಾಡಬೇಕಾದ ಪ್ರಸಂಗ ಬಂದದ್ದು ಮಗಳು ಶ್ರೀಜಾಳಿಂದ.

ಶ್ರೀಜಾ ಖಾಸಗಿ ಕಾಲೇಜೊಂದರಲ್ಲಿ ಬಿ.ಫಾರ್ಮಾ ಸೇರಿದ್ದಳು. ಬಡವರ ಮನೆಯ ಮಕ್ಕಳಿಗೆ ಇಂಥ ಕಾಲೇಜಿನ ಫೀಸನ್ನು ರಾಜ್ಯ ಸರ್ಕಾರವೇ ತುಂಬಿಕೊಡುತ್ತದೆ. ಅದಕ್ಕೆ ಎರಡು ಪ್ರಮಾಣಪತ್ರ ಬೇಕು: ಇದೇ ರಾಜ್ಯದ ನಿವಾಸಿ ಎಂಬುದೊಂದು, ವರಮಾನ ಕಡಿಮೆ ಎಂಬುದೊಂದು. ಅವು ಸಿಗದಿದ್ದರೆ ಓದು ಅಲ್ಲಿಗೇ ನಿಂತಂತೆ. ಅರ್ಜಿ ಹಾಕಿದ್ದಾಯಿತು. ಅಷ್ಟರಲ್ಲಿ, ತಹಸೀಲ್ ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಅನುಮಾನ ಬಂದ ಅರ್ಜಿಗಳನ್ನು ಖುದ್ದಾಗಿ ಮನೆಗೇ ಹೋಗಿ ಪರೀಕ್ಷಿಸುತ್ತಿದ್ದಾರೆಂಬ ಸುದ್ದಿ ಅಸ್ಸಿ ಘಾಟಿನ ಚಹಾದಂಗಡಿಯಲ್ಲಿ ಆಚಾರ್ಯರ ಕಿವಿಗೆ ಬಿತ್ತು.

"ಸಾಹೇಬರು ಬಂದು ಹೋಗೋವರೆಗೆ ಈ ಮನೇಲಿ ಯಾರೂ ಕನ್ನಡ ಮಾತಾಡಕೂಡದು!" ಎಂದು ಅವರು ಸುಗ್ರೀವಾಜ್ಞೆ ಹೊರಡಿಸಿದರು.

"ಯಾಕ್ರೀ? ಕನ್ನಡ ಮಾತಾಡಿದ್ರೆ ಗಂಗೆಗೆ ತಳ್ತಾರಾ?" ಎಂದಳು ಹೆಂಡತಿ ಕೃಷ್ಣವೇಣಿ.

"ಕರ್ನಾಟಕದವರು, ಅಲ್ಲೇ ಹೋಗಿ ಕೇಳಿ ಅಂದುಬಿಟ್ರೆ?"

"ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ. ರೇಷನ್ ಕಾರ್ಡು, ಆಧಾರ್ ಎಲ್ಲಾ ಇದೇ ಸೋನಾರ್‌ಪುರದ ವಿಳಾಸದ್ದೇ. ಅಷ್ಟು ತೋರಿಸಿದ್ರೆ ಸಾಲದಾ?"

"ನಿನಗೆ ಸರ್ಕಾರದ ಸೂಕ್ಷ್ಮ ತಿಳಿಯೋಲ್ಲ."

"ಅಮ್ಮಾ, ಛೋಡ್ ದೋ. ಪಾಪಾ ಮಾನೇಂಗೆ ನಹೀ" ಎಂದು, ಅಪ್ಪ ಕೇಳುವವರಲ್ಲ ಬಿಟ್ಟುಬಿಡು ಎಂಬುದನ್ನು ಶ್ರೀಜಾ ಹಿಂದಿಯಲ್ಲೇ ಹೇಳಿದಳು. ಆಜ್ಞೆಯನ್ನು ಪಾಲಿಸಿದವಳು ಅವಳೊಬ್ಬಳೇ. (ಅವಳು ಹುಟ್ಟಿದಾಗಿನಿಂದ ಪಾಲಿಸುತ್ತಲೇ ಬಂದಿದ್ದಳು.)

ಭಾನುವಾರ ಬೆಳಗ್ಗೆ ಗಲ್ಲಿಯ ಬಾಯಲ್ಲಿ ಸರ್ಕಾರಿ ಜೀಪು ನಿಂತಿತು. ಆಚಾರ್ಯರು ಗೋಡೆಯ ಕನ್ನಡ ಕ್ಯಾಲೆಂಡರನ್ನು ಹಾಸಿಗೆಯಡಿ ತುರುಕಿ, ಹೆಗಲಿಗೆ ಬನಾರಸಿಗಳ ಗಮ್ಛಾ ವಸ್ತ್ರ ಎಸೆದುಕೊಂಡು, ಜನ್ಮದಲ್ಲೇ ತಿನ್ನದ ಪಾನನ್ನು ಜೋಡಿಯಾಗಿ ದವಡೆಗೆ ಒತ್ತರಿಸಿ ಬಾಗಿಲಿಗೆ ಬಂದರು. ಎದುರಿಗೆ ಸಾಹೇಬರು, ಚಿಕ್ಕ ವಯಸ್ಸು. ಜೊತೆಗೆ ನಾರುಮಡಿಯುಟ್ಟ ಅವರ ತಾಯಿ. ಘಾಟಿಗೆ ಹೊರಟವರು ದಾರಿಯಲ್ಲಿ ಇಳಿದಿದ್ದರು.

"ಪ್ರಣಾಮ್ ಸಾಹಬ್! ಹಮ್ ತ ಠೇಠ್ ಬನಾರಸೀ ಹಈಂ!" ಎಂದು ಆಚಾರ್ಯರು, ಯಾರೂ ಕೇಳುವ ಮೊದಲೇ, ತಾವು ಅಪ್ಪಟ ಬನಾರಸಿ ಎಂದು ಘೋಷಿಸಿದರು. ಎರಡು ಹನಿ ಕೆಂಪುರಸ ಸಾಹೇಬರ ಬಿಳಿ ಅಂಗಿಯ ಮೇಲೆ ಬಿತ್ತು.

ಮುದುಕಿ ಮಗನ ಕಡೆ ತಿರುಗಿ ನಿರಾಳವಾಗಿ ಹೇಳಿದರು: "ಮಹೇಶ್ವರಾ, ಈ ಮನುಷ್ಯಾನ ಬಾಯಿ ನೋಡೋ! ಕುಂಕುಮದ ಭರಣಿ ಆಗ್ಯಾದ."

ಆಚಾರ್ಯರು ಕಿವಿ ನಿಮಿರಿಸಿದರು. ಧಾರವಾಡದ ಅಚ್ಚ ಕನ್ನಡ! ಈಗ ಬಾಯಿ ಬಿಟ್ಟರೆ ಹಾಕಿದ ವೇಷ ಬಯಲು, ಬಿಡದಿದ್ದರೆ ಮರ್ಯಾದೆ ಬಯಲು. ಅರ್ಥವಾಗದವರಂತೆ ಹಲ್ಲು ಕಿರಿದರು. ಕೆಂಪು ಹಲ್ಲು.

ಸಾಹೇಬರು ಒಳಗೆ ಬಂದು ಕಾಗದ ನೋಡುತ್ತ ಕೂತರು. ತಾಯಿ ಅನಂತಲಕ್ಷ್ಮಮ್ಮನವರು ಮಗನ ಹತ್ತಿರ ಮಾತು ಮುಂದುವರಿಸಿದರು: "ಇಲ್ಲಿ ನಮ್ಮ ಕಡೆ ಆಚಾರ್ರು ಈಗ ಯಾರೂ ಉಳದಿಲ್ಲಂತ. ಒಬ್ಬಿಬ್ಬರು ಇದ್ದರೂ ಅವರಿಗೆ ಸಂಕಲ್ಪಾ ಸೈತ ಸರಿಯಾಗಿ ಹೇಳಲಿಕ್ಕೆ ಬರಂಗಿಲ್ಲಂತ."

ಕುಂಕುಮದ ಭರಣಿಯನ್ನು ಆಚಾರ್ಯರು ನುಂಗಿಕೊಂಡಿದ್ದರು. ಇದನ್ನು ನುಂಗಲಾಗಲಿಲ್ಲ. ಬದಲಿಗೆ ಪಾನನ್ನೇ ಗುಳುಂ ಮಾಡಿದರು.

"ಯಾರ್ರೀ ಹಾಗಂದಿದ್ದು? ಸಂಕಲ್ಪ ಬರೋಲ್ವಂತೆ! ನಮ್ಮ ಮುತ್ತಜ್ಜನ ಕಾಲದಿಂದ ಇದೇ ಘಾಟಿನಲ್ಲಿ... ಹಿಕ್... ಅರ್ಧ ಕರ್ನಾಟಕಕ್ಕೆ ಸ್ನಾನ ಮಾಡಿಸಿದ್ದೇವೆ!"

ಒಳಗೆ ಕೃಷ್ಣವೇಣಿ ಹಣೆ ಚಚ್ಚಿಕೊಂಡಳು. ಆದರೆ ಸಾಹೇಬರು ನಗುತ್ತ ಕನ್ನಡದಲ್ಲೇ, "ಆಚಾರ್ಯರೇ, ನಿವಾಸ ಅಂದ್ರ ಎಲ್ಲಿ ಇರ್ತೀರಿ ಅಂತ ಕೇಳೋದು. ಮನ್ಯಾಗ ಯಾವ ಭಾಷಾ ಮಾತಾಡ್ತೀರಿ ಅಂತ ಅಲ್ಲ" ಎಂದು ಮೊದಲ ಕಾಗದಕ್ಕೆ ಒಪ್ಪಿಗೆ ಬರೆದರು.

ಆಚಾರ್ಯರು ಅಲ್ಲಿಗೆ ಸುಮ್ಮನಾಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮುದುಕಿ ಕಣ್ಣರಳಿಸಿ, "ಹಂಗಾದ್ರ ಭಾಳ ಮಂದಿ ಬರ್ತಾರೇನ್ರಿ ನಿಮ್ಮಲ್ಲೆ?" ಎಂದುಬಿಟ್ಟರು.

"ಬರ್ತಾರೆಯೇ? ಜಡ್ಜುಗಳು, ಮಠದವರು, ಮಂತ್ರಿಗಳ ಬೀಗರು! ಕಂಟೋನ್ಮೆಂಟಿನ ದೊಡ್ಡ ಹೋಟೆಲಿನಲ್ಲಿ ಇಳಿದವರಿಗೂ ಕರ್ಮಕ್ಕೆ ನಾನೇ ಆಗಬೇಕು. ಕೈಗೆ ಬಿಡುವೇ ಇಲ್ಲ!"

ಸಾಹೇಬರ ಪೆನ್ನು ನಿಂತಿತು. "ಹೌದೇನ್ರಿ? ಮತ್ತ ವರಮಾನದ ಕಾಗದದೊಳಗ ಇಷ್ಟು ಸಣ್ಣ ಅಂಕಿ ಬರದೀರಲ್ಲ?"

ಆಚಾರ್ಯರು ಮತ್ತೆ ಬಿಕ್ಕಳಿಸಿದರು. ಬರೆದದ್ದು ನಿಜವೇ ಆಗಿತ್ತು. ಆದರೆ ಈಗಷ್ಟೇ ಏರಿದ ಅಂಬಾರಿಯಿಂದ ಇಳಿಯುವುದು ಹೇಗೆ? ಬಾಗಿಲ ಹತ್ತಿರ ಶ್ರೀಜಾಳ ಮುಖ ಸಣ್ಣಗಾಗಿತ್ತು.

ಆಗ ಕೃಷ್ಣವೇಣಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಸಾಹೇಬರೇ, ನಾನು ಹೇಳ್ತೀನಿ. ಜಡ್ಜು ಬಂದಿದ್ದು ನಿಜ, ಒಂದೇ ಸಲ. ದಕ್ಷಿಣೆ ಬದಲು ಶಾಲು ಹೊದಿಸಿ ಹೋದ್ರು. ಕಾಲೇಜಿನ ಕೌಂಟರಿನಲ್ಲಿ ಶಾಲು ತಗೋತಾರಾ? ಮಠದವರೂ ಬಂದಿದ್ರು, ದೇಣಿಗೆ ಅಂತ ಇವರಿಗೇ ರಸೀತಿ ಹರಿದು ಕೊಟ್ಟು ಹೋದ್ರು. ಈಗಿನ ಯಾತ್ರಿಕರು ಪ್ಯಾಕೇಜ್ ಟೂರಿನಲ್ಲಿ ಬರ್ತಾರೆ, ಪುರೋಹಿತರನ್ನೂ ಬಸ್ಸಿನಲ್ಲೇ ಕರ್ಕೊಂಡು ಬರ್ತಾರೆ. ಇನ್ನು ಮಂತ್ರಿಗಳ ಬೀಗರು..."

"ಅದು ಬೇಡ ಕಣೇ" ಎಂದರು ಆಚಾರ್ಯರು ಕ್ಷೀಣಸ್ವರದಲ್ಲಿ.

"...ನಮ್ಮನೇಲಿ ಊಟ ಮಾಡಿ, ಆಟೋಗೆ ಚಿಲ್ಲರೆ ಇವರ ಹತ್ರಾನೇ ಈಸ್ಕೊಂಡ್ರು."

"ಔರ್ ಸರ್, ಪಾಪಾ ತೋ ಉಧಾರ್ ಮೇ ಭೀ ಪೂಜಾ ಕರಾ ದೇತೇ ಹೈ" ಎಂದು ಶ್ರೀಜಾ, ಅಪ್ಪ ಸಾಲಕ್ಕೆ ಮಾಡಿಸಿಕೊಡುವ ಪೂಜೆಗಳನ್ನೂ ಸೇರಿಸಿದಳು.

"ಅಯ್ಯ, ಪಾಪ!" ಎಂದರು ಅನಂತಲಕ್ಷ್ಮಮ್ಮ. ಜಡ್ಜಿಗೂ ಮಠಕ್ಕೂ ಬಗ್ಗದ ಆಚಾರ್ಯರ ತಲೆ ಆ ಒಂದು ಮಾತಿಗೆ ನೆಲ ನೋಡಿತು.

ಸಾಹೇಬರು ನಗು ತಡೆದುಕೊಂಡು ಎರಡನೇ ಕಾಗದವನ್ನು ಮುಂದಕ್ಕೆ ತಳ್ಳಿದರು. "ಆಚಾರ್ಯರೇ, ನೀವೊಂದು ಹೇಳ್ತೀರಿ, ಮನಿಯವರೊಂದು ಹೇಳ್ತಾರ. ಮಗಳ ಫೀಸು ಬರಬೇಕಂದ್ರ ಇಲ್ಲೆ ನಿಮ್ಮ ಕೈಯಾರೆ ಬರೀರಿ: 'ನನ್ನ ಹೆಂಡತಿ ಹೇಳಿದ್ದೆಲ್ಲ ಸತ್ಯ, ನಾನು ಹೇಳಿದ್ದು ಉತ್ಪ್ರೇಕ್ಷೆ.' ಕೆಳಗ ಸಹಿ ಮಾಡ್ರಿ."

ಆಚಾರ್ಯರು ಒಮ್ಮೆ ಮಗಳ ಮುಖ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದರು.

ಸಾಹೇಬರು ಕಾಗದ ಮಡಚಿಕೊಂಡು ಏಳುವಷ್ಟರಲ್ಲಿ ಕೃಷ್ಣವೇಣಿ ಅಡ್ಡ ಬಂದು ಕೈ ಮುಗಿದಳು.

"ಒಂದು ನಿಮಿಷ ಸಾಹೇಬರೇ. ಅದರದ್ದೊಂದು ಜೆರಾಕ್ಸ್ ನನಗೂ ಬೇಕು."