ಶಾಕ್ ಬಿಚ್ಚಿದ ಗಾಡಿ

ನಮ್ಮ ಕಾಕಾರ ಮೋಟರ್‌ಸೈಕಲ್ ಮೇಲೆ ಕೂತರೆ ಹೊಟ್ಟೆಯೊಳಗಿನ ನೀರು ಅಲುಗಾಡುವುದಿಲ್ಲ ಎಂದು ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಲ್ಲರೂ ನಂಬಿದ್ದರು. ದಿನ ತುಂಬಿದ ಬಸುರಿಯೊಬ್ಬಳನ್ನು ಅದರ ಮೇಲೆ ದವಾಖಾನೆಗೆ ಒಯ್ದರಂತೆ, ಆಕೆ ದಾರಿಯಲ್ಲಿ ನಿದ್ದೆ ಮಾಡಿದಳಂತೆ. ಆಕೆ ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ಹೆಂಗಸನ್ನು ತೋರಿಸುತ್ತಿದ್ದರು.

ಕಾಕಾಗೆ ಒಂದು ರೂಢಿ ಇತ್ತು. ಗಾಡಿ ಓಡುತ್ತಿರುವಾಗಲೇ ಪೂರ್ತಿ ಹಿಂದೆ ತಿರುಗಿ, "ಹೊಟ್ಟ್ಯಾಗಿನ ನೀರು ಅಲುಗ್ಯಾಡ್ತೇನು?" ಎಂದು ಕೇಳುತ್ತಿದ್ದರು. ಅವರು ಮುಂದೆ ನೋಡಲಿ ಎಂಬ ಒಂದೇ ಆಸೆಯಿಂದ ಹಿಂದೆ ಕೂತವರು "ಇಲ್ರಿ" ಅನ್ನುತ್ತಿದ್ದರು. ಖ್ಯಾತಿ ಬೆಳೆಯುವುದು ಹೀಗೆ.

ಹಳೆಯ ಗಾಡಿಯನ್ನು ಕೊಯ್ದು ಹೊಸದು ಮಾಡಲು ಹೊರಟವನಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ಊರೂರಿಗೂ ಒಂದೊಂದು ಆದವು.

೧. ಕರಾರು

ಕಾಕಾ ಇರುವುದು ಮಸೂತಿ ಎಂಬ ಊರಿನಲ್ಲಿ. ನಾನು ಸಿಂದಗಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತೇನೆ. ಅವರ ಗಾಡಿ ಮೂರು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಅದನ್ನು ಹಾರ್ಡ್‌ಟೇಲ್ ಮಾಡಿಸುತ್ತೇನೆ ಎಂದೆ. ಅಂದರೆ ಒಳಗಿನ ಸ್ಪ್ರಿಂಗಿನಿಂದ ಕುಲುಕು ನುಂಗುವ ಹಿಂದಿನ ಎರಡೂ ಶಾಕ್ ತೆಗೆದು, ಸೀಟಿನ ಕೆಳಗಿನಿಂದ ಹಿಂದಿನ ಗಾಲಿಯವರೆಗೆ ನೇರ ಪೈಪು ಬೆಸೆಯುವುದು. ಗಾಡಿ ಉದ್ದವಾಗುತ್ತದೆ, ತಗ್ಗಾಗುತ್ತದೆ, ನೋಡಲು ಚೆಂದ ಕಾಣುತ್ತದೆ. ಬೇರೆ ಉಪಯೋಗ ಇಲ್ಲ.

ಕಾಕಾ ಕೊಟ್ಟಿಗೆಗೆ ಹೋಗಿ ಗಾಡಿಯ ಮೇಲಿನ ಧೂಳು ಒರೆಸಿದರು.

"ಮಾಡಸು. ಆದ್ರ ಆದ ಮ್ಯಾಲ ಮಸೂತಿಯಿಂದ ಬಾಗೇವಾಡಿ ತನಕ ನಾ ಹೊಡೀತೇನಿ, ನೀ ಹಿಂದ ಕುಂದ್ರಬೇಕು. ಮೊದಲಿನಂಗ ಇರಲಿಲ್ಲಂದ್ರ ಗಾಡಿ ನನಗ ವಾಪಸ್. ಕಂಪನಿಯಿಂದ ಬಂದಂಗ ಮಾಡಿ ಕೊಡಬೇಕು."

ಕೊಯ್ದ ಚಾಸಿ ಕಂಪನಿಯಿಂದ ಬಂದಂತೆ ಮತ್ತೆ ಆಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಪ್ಪಿದೆ.

ಕಾಕಾಗೆ ಎಪ್ಪತ್ತು ದಾಟಿದೆ. ಹತ್ತು ವರ್ಷದಿಂದ ಸೊಂಟಕ್ಕೆ ಪಟ್ಟಾ ಕಟ್ಟುತ್ತಾರೆ. ವಯಸ್ಸಾಯಿತು, ಅದಕ್ಕೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದ್ದರು. ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಬಂದರು.

"ಇವರ ಸೊಂಟ ಹ್ವಾದ್ರ ಜಳಕಾ ಮಾಡಸಾಕ ದಿನಾ ನೀನ ಬರಬೇಕು ನೋಡು. ಸಿಂದಗಿಯಿಂದ ಮೊದಲನೇ ಬಸ್ ಎಷ್ಟಕ್ಕೈತಿ, ಈಗ ಕೇಳಿ ಇಟ್ಕೋ."

೨. ಎಷ್ಟು ಟನ್?

ಇಂಡಿಯಲ್ಲಿ ಒಬ್ಬರು ವೆಲ್ಡರ್ ಚಾಚಾ. ಮೂವತ್ತು ವರ್ಷ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟಿದವರು. ಮೋಟರ್‌ಸೈಕಲ್ ಒಂದನ್ನೂ ಕೊಯ್ದವರಲ್ಲ. ನಾನು ತೆಗೆದುಕೊಂಡು ಹೋದ ನಕಾಶೆಯನ್ನು ನೋಡಿ, ಮಡಚಿ, ಚಹಾದ ಕಪ್ಪಿನ ಕೆಳಗೆ ಇಟ್ಟುಕೊಂಡರು.

"ಎಷ್ಟು ಟನ್ ಹೇರತೀರಿ, ಮಾಸ್ತರ್ರ?"

"ನಾನೊಬ್ಬನೇ ಕೂಡುವುದು, ಚಾಚಾ."

"ಇವತ್ತು ಒಬ್ಬರ. ನಾಳೆ?"

ಉಕ್ಕಿನ ಹೊದಿಕೆಯ ಹಳೆಯ ಶಾಕ್ ಎರಡನ್ನೂ ಬಿಚ್ಚಿ, ಒಂದನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಹಾಕಿದರು. ಅದು ಕುಸಿಯಲಿಲ್ಲ.

"ಹಳೇ ಮಾಲು. ಈಗಿನ್ಹಂಗ ಮೆತ್ತಗಿಲ್ಲ," ಎಂದು ಗೌರವದಿಂದ ಗೋಣಿಚೀಲಕ್ಕೆ ಹಾಕಿದರು. ಕಾಕಾ ಗಾಡಿ ವಾಪಸ್ ಕೇಳಿದರೆ ಬೇಕಾಗುತ್ತವಲ್ಲ.

ಆಮೇಲೆ ಕೊಯ್ದರು. ಕಿಡಿ ಹಾರುವಾಗ ನಾನು ಹೊರಗೆ ಹೋಗಿ ನಿಂತೆ. ಎರಡು ಗಾಲಿ ಒಂದೇ ಸಾಲಿನಲ್ಲಿವೆಯೇ ಎಂದು ಚಾಚಾ ಒಂದು ದಾರ ಎಳೆದು, ಒಂದು ಕಣ್ಣು ಮುಚ್ಚಿ ನೋಡಿದರು. ನಾನು ಆಮೇಲೆ ಅಳೆದೆ. ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಇದರಿಂದ ನನಗೆ ಸ್ವಲ್ಪ ಬೇಜಾರಾಯಿತು.

ವಾರದ ನಂತರ ಹೋದಾಗ ಗಾಡಿ ಸಿದ್ಧವಿತ್ತು. ಹಿಂದಿನ ಗಾಲಿಯ ಮೇಲೆ ಒಂದು ದಪ್ಪ ಕೊಂಡಿ ಕೂಡ ಇತ್ತು.

"ಇದು ಏನು, ಚಾಚಾ?"

"ಟ್ರೇಲರ್ ಹಾಕಾಕ. ನೀವು ಕೇಳಲಿಲ್ಲ, ಖರೆ. ಟ್ರೇಲರ್ ಕೊಂಡ ಮ್ಯಾಲ ಕೇಳತಿದ್ರಿ."

೩. ಸೋಮವಾರ

ಇಂಡಿಯಿಂದ ಗಾಡಿ ತೆಗೆದುಕೊಂಡು ಮಸೂತಿಗೆ ಹೊರಟ ದಿನ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿಗೆ ರಜೆ. ಅವತ್ತು ಯಾರೂ ನೊಗ ಹೊರಿಸುವುದಿಲ್ಲ. ಸಿಂದಗಿ ದಾಟಿ ಯಂಕಂಚಿಗೆ ಬರುವ ಹೊತ್ತಿಗೆ ನನ್ನ ಹಲ್ಲುಗಳ ಲೆಕ್ಕ ನಾಲಿಗೆಯಿಂದ ಎರಡು ಸಲ ಮಾಡಿದ್ದೆ. ಕಟ್ಟೆಯ ಹತ್ತಿರ ನಿಲ್ಲಿಸಿದೆ. ಅಲ್ಲಿದ್ದ ಹಿರಿಯರೊಬ್ಬರು ಗಾಡಿಯನ್ನು ಸುತ್ತು ಹಾಕಿ ನೋಡಿದರು.

"ಶಾಕ್ ಎಲ್ಲದಾವ?"

"ಇಲ್ರಿ. ತೆಗೆಸಿದ್ದೇನೆ."

"ಶಾಕ್ ಇಲ್ಲಂದ್ರ ಇದು ಬಂಡಿ ಆತಲ್ಲೋ. ಸೋಮವಾರ ಬಂಡಿ ಹೂಡತಾರೇನು?"

ತರ್ಕದಲ್ಲಿ ನಾನು ಕಚ್ಚಾ ಅಲ್ಲ. "ಬಂಡಿ ಅಂತೀರಿ. ಎತ್ತು ಎಲ್ಲಿದೆ ಹೇಳಿ," ಎಂದೆ.

ಅವರು ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಂಡು ಹೇಳಿದರು: "ಮ್ಯಾಲ ಕುಂತೈತಲ್ಲ."

೪. ಪಂಚನಾಮೆ

ಸೀಟು ಹೊಲಿಸಲು ಮುದ್ದೇಬಿಹಾಳಕ್ಕೆ ಹೋಗಿ ಬರುವಾಗ ನಿಡಗುಂದಿಯ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಾಕಿದರು. ಗಾಡಿ ಹಿಡಿದಿಟ್ಟರೆ ಕಾಕಾಗೆ ಏನು ಹೇಳಲಿ? ಅವರು ಬಗ್ಗಿ ಹಿಂಭಾಗವನ್ನು ನೋಡಿದರು. ಮುಖ ಮೆತ್ತಗಾಯಿತು.

"ಎಲ್ಲಿ ಆತ್ರೀ?"

"ಏನು ಸರ್?"

"ಆಕ್ಸಿಡೆಂಟ್."

"ಆಗಿಲ್ಲ ಸರ್. ಹೀಗೇ ಮಾಡಿಸಿದ್ದು."

ಅವರು ಅಡ್ಡ ಹಾಕಿದ್ದ ಕೈ ತೆಗೆದರು.

"ಹಂಗಾರ ಈಗ ಹೋಗ್ರಿ. ಆದ ಮ್ಯಾಲ ಬರ್ರಿ, ಪಂಚನಾಮೆ ಮಾಡೋಣು."

೫. ಮಸೂತಿಯಿಂದ ಬಾಗೇವಾಡಿ

ಕರಾರಿನ ದಿನ ಚಾಚಾ ಇಂಡಿಯಿಂದ ಗೋಣಿಚೀಲ ಹೊತ್ತು ಬಂದಿದ್ದರು. ಅರ್ಧ ಊರು ಸೇರಿತ್ತು. ಕಾಕು ಬಿಸಿನೀರಿನ ಚೀಲವನ್ನು ನನ್ನ ಕೈಗೆ ಕೊಟ್ಟರು. ಕಾಕಾ ಸೊಂಟದ ಪಟ್ಟಾ ಬಿಗಿದುಕೊಂಡು ಮುಂದೆ ಕೂತರು, ನಾನು ಹಿಂದೆ. ಚಾಚಾ ಇನ್ನೊಂದು ಗಾಡಿಯಲ್ಲಿ ಬೆನ್ನ ಹಿಂದೆ.

ಮೊದಲನೇ ತಗ್ಗಿನಲ್ಲಿ ನನ್ನ ಸೊಂಟದಿಂದ ಕುತ್ತಿಗೆಯವರೆಗೆ ಒಂದು ಸುದ್ದಿ ಹೋಯಿತು. ಎರಡನೆಯದರಲ್ಲಿ ಹಿಂದಿನಿಂದ ಟಕ್ ಎಂಬ ಸಪ್ಪಳ. ಬೆಸುಗೆ ಬಿಡುತ್ತಿದೆ ಎಂದುಕೊಂಡೆ. ಎಪ್ಪತ್ತು ದಾಟಿದ ಮನುಷ್ಯ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಮತ್ತೆ ಟಕ್. ನಿಲ್ಲಿಸಿ ಎಂದರೆ ಸೋತಂತೆ. ಕೈ ಹಿಂದೆ ಹಾಕಿ ತಡವಿದೆ. ಬೆಸುಗೆ ಗಟ್ಟಿಯಾಗಿತ್ತು. ಬಡಿಯುತ್ತಿದ್ದುದು ಚಾಚಾರ ಕೊಂಡಿ.

ಕಾಕಾ ಅಷ್ಟರಲ್ಲಿ ಪೂರ್ತಿ ಹಿಂದೆ ತಿರುಗಿದರು.

"ಹೊಟ್ಟ್ಯಾಗಿನ ನೀರು ಅಲುಗ್ಯಾಡ್ತೇನು?"

"ಇಲ್ರಿ ಕಾಕಾ. ಮುಂದೆ ನೋಡ್ರಿ."

ಬಾಗೇವಾಡಿಯ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ನಿಲ್ಲಿಸಿದರು. ನನಗೆ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ಕಾಕಾ ತಾವೇ ಇಳಿದರು, ಧೋತರ ಜಾಡಿಸಿದರು.

"ಮೊದಲಿನಂಗ ಐತಿ," ಎಂದರು. "ಗಾಡಿ ನಿಂದು."

ಚಾಚಾ ಮೀಸೆ ಮುಟ್ಟಿಕೊಂಡರು. "ಮೂವತ್ತು ವರ್ಷದ ಕೈ, ಮಾಸ್ತರ್ರ."

ಗಾಡಿ ನನ್ನದಾಗಿತ್ತು, ಸುಮ್ಮನಿರಬಹುದಿತ್ತು. ಆದರೆ ನಾನು ಫಿಜಿಕ್ಸ್ ಕಲಿಸುತ್ತೇನೆ. ಶಾಕ್ ಇದ್ದ ಗಾಡಿ ಮತ್ತು ಇಲ್ಲದ ಗಾಡಿ ಒಂದೇ ಸಮ ಇರುವುದು ಸಾಧ್ಯವಿಲ್ಲ. ಗೋಣಿಚೀಲದಿಂದ ಒಂದು ಹಳೆಯ ಶಾಕ್ ತೆಗೆದು, ಬಿಚ್ಚಲು ಚಾಚಾರ ಕೈಗೆ ಪಾನಾ ಕೊಟ್ಟೆ.

"ಅದನ್ಯಾಕ ಬಿಚ್ಚತೀರಿ," ಎಂದರು ಕಾಕಾ.

"ಸುಮ್ಮನೆ, ನೋಡೋಣ ಅಂತ."

ಕಾಕಾ ಚಹಾ ಬಟ್ಟಲಿಗೆ ಬಗ್ಗಿಸಿಕೊಂಡರು. ರಸ್ತೆಯ ಕಡೆ ನೋಡುತ್ತ ಹೇಳಿದರು: "ಆವಾಗ ನೀ ಇನ್ನೂ ಸಾಲಿಗೆ ಹೋಗ್ತಿದ್ದಿ. ಉಳ್ಳಾಗಡ್ಡಿ ಚೀಲ ಹೇರಿದ್ರ ಹಿಂದ ಭಾಳ ಕುಸೀತಿತ್ತು. ನಿಮ್ಮ ಕಾಕುಗ ಹೇಳಬ್ಯಾಡ."

ಚಾಚಾ ಮೇಲಿನ ಹೊದಿಕೆಯನ್ನು ತಿರುವಿ ತೆಗೆದರು. ಆಮೇಲೆ ಎರಡನೆಯದನ್ನೂ ತೆಗೆದರು.

ಎರಡರಲ್ಲೂ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಜಾಲಿ ಕಟ್ಟಿಗೆ ಇತ್ತು.