ಚಿಕ್ಕಪ್ಪನ ಮೂರು ಸ್ಲೈಡು

ನಮ್ಮ ಚಿಕ್ಕಪ್ಪ ಯಾರನ್ನೂ ನಂಬುವವರಲ್ಲ. ಸೂರ್ಯ ಹುಟ್ಟಿದ ಅಂದರೂ, ಇನ್ನೊಬ್ಬರು ನೋಡಿದ್ದಾರಾ ಎಂದು ಕೇಳುವ ಜನ! ತಪ್ಪು ಅವರದಲ್ಲ, ಅವರ ಉದ್ಯೋಗದ್ದು. ಸತ್ತ ನಾಯಿಗೆ ಹುಚ್ಚು ಇತ್ತೋ ಇಲ್ಲವೋ ಎಂದು ಹೇಳುವ ಚೆನ್ನೈನ ಒಂದು ಲ್ಯಾಬಿನಲ್ಲಿ ಅವರಿಗೆ ಕೆಲಸ. ನಾಯಿಯ ಮಿದುಳಿನ ಚೂರನ್ನು ಸ್ಲೈಡಿಗೆ ಒತ್ತಿ, ಹೊಳೆಯುವ ಮದ್ದು ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಗವಿದ್ದರೆ ಹಸಿರು ಚುಕ್ಕೆಗಳು ಮಿನುಗುತ್ತವೆ. ಜೊತೆಗೆ ಖಂಡಿತ ಹುಚ್ಚಿದ್ದ ನಾಯಿಯದೊಂದು, ಖಂಡಿತ ಹುಚ್ಚಿಲ್ಲದ ನಾಯಿಯದೊಂದು ಸ್ಲೈಡು ಇರಲೇಬೇಕು. ಅವೆರಡೂ ಸರಿಯಾಗಿ ಕಂಡರೆ ಮಾತ್ರ ಮೂರನೆಯದಕ್ಕೆ, ಅಂದರೆ ಪರೀಕ್ಷೆಗೆ ಬಂದ ನಾಯಿಯದಕ್ಕೆ, ಬೆಲೆ.

ಈ ನಿಯಮ ಮನೆಗೂ ಬಂತು ನೋಡಿ! ಹೊಸ ಕಾಫಿಪುಡಿ ಹೇಗಿದೆ ಎಂದು ಚಿಕ್ಕಮ್ಮ ಕೇಳಿದರೆ, ಪಕ್ಕದಲ್ಲಿ ಒಂದು ಲೋಟ ಒಳ್ಳೆಯದು, ಒಂದು ಲೋಟ ಕೆಟ್ಟದ್ದು ಇಡು ಎಂದರು ಚಿಕ್ಕಪ್ಪ. ಕೆಟ್ಟದ್ದು ಬೇಕಾದರೆ ನಿಮ್ಮ ಅಕ್ಕನ ಮನೆಗೇ ಹೋಗಬೇಕು ಎಂದರಂತೆ ಚಿಕ್ಕಮ್ಮ.

ತಮ್ಮ ಮಗನ ಮದುವೆಗೆ ಜಾತಕ ಹಿಡಿದು ತಿರುವಲ್ಲಿಕೇಣಿಯ ಜೋಯಿಸರ ಬಳಿ ಹೋದಾಗಲೂ ಅಷ್ಟೆ. ಮೊದಲು ಚೆನ್ನಾಗಿ ಬಾಳಿದ ಒಂದು ಜೋಡಿಯದು, ಬೇರೆಯಾದ ಒಂದು ಜೋಡಿಯದು ಕೊಡುತ್ತೇನೆ, ಯಾವುದು ಯಾರದೆಂದು ಹೇಳಿ ಎಂದು ಪಟ್ಟು ಹಿಡಿದರು. ಚೆನ್ನಾಗಿ ಬಾಳಿದವರು ಅಂತ ಯಾರದು ಕೊಡ್ತೀರಿ ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದರು. ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿದರು. ಆ ಯೋಚನೆಗೆ ದಂಡವಾಗಿ ಒಂದು ವಾರ ಉಪ್ಪಿಲ್ಲದ ಸಾರು!

ಹೋದ ವರ್ಷ ಪೆರುಂಗುಡಿಯ ನಮ್ಮ ಬೀದಿಯ ನಾಯಿ ನನ್ನ ಎಂಟು ವರ್ಷದ ಮಗಳ ಕಾಲಿಗೆ ಕಚ್ಚಿತು. ಅಂದು ನಮ್ಮಲ್ಲೇ ಇದ್ದ ಚಿಕ್ಕಪ್ಪ ಓಡಿ ಬಂದರು. ಅವಳನ್ನು ನಲ್ಲಿಯ ಕೆಳಗೆ ಕೂರಿಸಿ, ಕಾಲು ಗಂಟೆ ಸೋಪು ಹಾಕಿ ಗಾಯ ತೊಳೆದು, ನೇರ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದರು. ಮೂರನೆಯ ದಿನ ಆ ನಾಯಿ ಸತ್ತಿತು. ಹುಚ್ಚು ಹಿಡಿದ ನಾಯಿ ಹೀಗೇ ಬೇಗ ಸಾಯುತ್ತದಂತೆ. ನಾಯಿಯನ್ನು ಒಯ್ದದ್ದು ಚಿಕ್ಕಪ್ಪನ ಲ್ಯಾಬಿಗೇ.

ಅಲ್ಲಿ ಜೊತೆಯ ಎರಡು ಸ್ಲೈಡುಗಳೂ ಸರಿಯಾಗಿ ಕಂಡವಂತೆ. ಮೂರನೆಯದರ ಸರದಿ ಬಂದಾಗ ಚಿಕ್ಕಪ್ಪ ಎದ್ದು, ಜೊತೆಗೆ ಕೆಲಸ ಮಾಡುವ ಡಾಕ್ಟರಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟು, ನೀವೇ ನೋಡಿಯಮ್ಮಾ, ಇದು ಕಚ್ಚಿದ್ದು ನಮ್ಮ ಮನೆಯ ಮಗುವನ್ನು ಎಂದು ಗೋಡೆಯ ಕಡೆ ತಿರುಗಿ ನಿಂತರಂತೆ.

ಹಸಿರು ಇರಲಿಲ್ಲ.

ಸಂಜೆ ಬಂದು ಸುದ್ದಿ ಹೇಳಿದರು. ಡಾಕ್ಟರು ಸಾಕು ಎನ್ನುವ ತನಕ ಒಂದು ಸೂಜಿಯನ್ನೂ ತಪ್ಪಿಸಬಾರದು ಎಂದು ನನ್ನನ್ನು ಗದರಿದರು. ಆಮೇಲೆ ಮಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳಿಗೆ ಗಾಬರಿ.

"ತಾತಾ, ವಲಿಕ್ಕಲೆ," ಎಂದಳು ತನ್ನ ಸ್ಕೂಲಿನ ತಮಿಳಿನಲ್ಲಿ, ನೋವಿಲ್ಲ ಎಂದು ಸಮಾಧಾನ ಮಾಡುತ್ತಾ.

"ನಂಗೆ ನೋಯ್ತಾ ಇತ್ತು ಕಣೇ ಪುಟ್ಟಿ," ಎಂದರು ಚಿಕ್ಕಪ್ಪ.