ಟೊಮೇಟೊ ಸಾಲಿನಲ್ಲಿ ನೇತಾಡುತ್ತಿರುವ ಅಜ್ಜಿಯ ಡಿವಿಡಿ ಕುರಿತು

ಇಂದ,
ಕಲೊಲೈನೆ,
ತಮ್ಮ ಸಹೋದರನ ಮಗಳು ಹಾಗೂ ಕಚೇರಿ ಬೆರಳಚ್ಚುಗಾರ್ತಿ,
ನೆಯಾಫು, ಟೊಂಗಾ.

ಗೆ,
ಶ್ರೀಮತಿ ಲೋಸಲೀನೆಯವರು,
ನನ್ನ ಸೋದರತ್ತೆ ಹಾಗೂ ನಮ್ಮ ಮನೆಯ ಸಕಲ ಚರಾಚರ ವಸ್ತುಗಳ ಒಡತಿ,
ಬೇಲಿಯಾಚೆ.

ವಿಷಯ: ಮನೆಯಲ್ಲಿ ಕೂತು ನೋಡುವವರಿಗೆ ಡಿವಿಡಿಯಿಂದಾಗುವ ಅನುಕೂಲಗಳನ್ನು ತಮ್ಮ ಗಮನಕ್ಕೆ ತಂದು, ಒಂದು ಡಿವಿಡಿಯನ್ನು ಹಕ್ಕಿ ಬೆದರಿಸುವ ಕೆಲಸದಿಂದ ಬಿಡುಗಡೆ ಮಾಡಲು ಕೋರಿ.

ಉಲ್ಲೇಖ: (1) ಅಜ್ಜಿಯನ್ನು ಮಣ್ಣು ಮಾಡಿದ ದಿನ ತಾವು ನಮ್ಮ ಕಪಾಟಿನೆದುರು ನಿಂತು "ಇದಿಷ್ಟೂ ನನ್ನ ಕಡೆ ಸಾಗಿಸ್ರೋ" ಎಂದದ್ದು.
(2) ಅದಕ್ಕೆ ನಾವೆಲ್ಲ ತೆಪ್ಪಗಿದ್ದದ್ದು.

ಮಾನ್ಯ ಅತ್ತೆಯವರೇ,

ಅಪ್ಪನ ಅಕ್ಕ ತಮ್ಮನ ಮನೆಯಿಂದ ಏನನ್ನು ಬೇಕಾದರೂ ಒಯ್ಯಬಹುದು, ಒಯ್ದದ್ದನ್ನು ಯಾರೂ ಬಾಯಿಬಿಟ್ಟು ಮರಳಿ ಕೇಳಬಾರದು ಎಂಬುದು ನಮ್ಮ ಪದ್ಧತಿಯಾಗಿರುತ್ತದೆ. ಪದ್ಧತಿಯಲ್ಲಿ ಬಾಯಿಯ ಮಾತಿದೆಯೇ ಹೊರತು ಬೆರಳಚ್ಚಿನ ಮಾತು ಇಲ್ಲವಾದ ಕಾರಣ ಈ ಅರ್ಜಿ. ಈ ಬಗ್ಗೆ ಅಪ್ಪನ ಅಭಿಪ್ರಾಯ ಕೇಳಲಾಗಿ, "ಅಕ್ಕನ ಹತ್ರ ವಾಪಸ್ ಕೇಳ್ತೀಯಾ? ಅದರ ಬದಲು ಪಾದ್ರಿಗಳ ಹತ್ರ ಹೋಗಿ ಮೈಮೇಲಿನ ನಿಲುವಂಗಿ ಬಿಚ್ಚಿಕೊಡಿ ಅನ್ನು, ಕೊಟ್ರೂ ಕೊಟ್ಟಾರು" ಎಂದು ತಿಳಿಸಿರುತ್ತಾರೆ.

ಡಿವಿಡಿಯ ಅನುಕೂಲಗಳು ಈ ಕೆಳಕಂಡಂತಿವೆ:

1. ಕ್ಯಾಸೆಟ್ಟಿನಂತೆ ಹಿಂದಕ್ಕೆ ಸುತ್ತುವ ಕೆಲಸವಿಲ್ಲ. ತೇವಕ್ಕೆ ಬೂಷ್ಟು ಹಿಡಿಯುವುದಿಲ್ಲ. ಹಿಂದೊಮ್ಮೆ ತಾವು ನಮ್ಮಿಂದ ಒಯ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು, ತಮ್ಮ ಹಂದಿಗಳು ಆ ಟೇಪನ್ನು ಕೊರಳಿಗೆ ಸುತ್ತಿಕೊಂಡು ಭಾನುವಾರ ಚರ್ಚಿನ ಅಂಗಳದಲ್ಲಿ ಮೆರೆದದ್ದು ಊರಿಗೇ ನೆನಪಿದೆ.

2. ನಮ್ಮ ಪದ್ಧತಿಯಂತೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವಂತಿಲ್ಲ. ನಾಯಕನು ನಾಯಕಿಯ ಮುಖದ ಹತ್ತಿರ ಮುಖ ತಂದನೆಂದರೆ ನಮಗಿಬ್ಬರಿಗೂ ಮುಖವೇ ಇರುವುದಿಲ್ಲ. ಆದ್ದರಿಂದ ಅಣ್ಣ ಪೌಲಾಸಿ ಹೊಸ್ತಿಲಾಚೆ ಕೆಮ್ಮಿದೊಡನೆ ನಾನು ಹಿತ್ತಲಿಗೆ. ಅವನು ನೋಡಿ ಮುಗಿಸಿದ ಮೇಲೆ, ಡಿವಿಡಿಯಲ್ಲಿ ಕಥೆಗಳು ಅಧ್ಯಾಯಗಳಾಗಿ ಇರುವ ಕಾರಣ, ಒಂದು ಗುಂಡಿ ಒತ್ತಿ ಬಿಟ್ಟ ಕಡೆಯಿಂದಲೇ ನೋಡಬಹುದು.

3. ನಿಲ್ಲಿಸಿದರೆ ಚಿತ್ರ ನಡುಗುವುದಿಲ್ಲ. ಅಜ್ಜಿ ಕೈ ಎತ್ತಿದಲ್ಲಿ ನಿಲ್ಲಿಸಿದರೆ ಆ ಕೈ ಹಾಗೇ ಇರುತ್ತದೆ. ಕಡಲ ಉಬ್ಬರವೇ ಅವರ ಮುಂದಿನ ಮಾತಿಗೆ ಕಾದು ನಿಂತಂತೆ.

4. ಅನನುಕೂಲ ಒಂದೇ. ಹೊಳೆಯುತ್ತದೆ.

ತಾವು ಒಯ್ದ ಮೂವತ್ತು ಡಿವಿಡಿಗಳಲ್ಲಿ ಇಪ್ಪತ್ತೊಂಬತ್ತರ ಬಗ್ಗೆ ನನ್ನ ತಕರಾರಿಲ್ಲ. ಅವು ಹಕ್ಕಿಗಳಿಗೇ ತಕ್ಕವು. ಉಗುರುಬಣ್ಣದ ಕೆಂಪು ಚುಕ್ಕೆಯಿರುವ ಮೂವತ್ತನೆಯದರಲ್ಲಿ ಅಜ್ಜಿ ಇದ್ದಾರೆ. ಕಳೆದ ಕ್ರಿಸ್ಮಸ್ಸಿಗೆ ನಾನೇ ಎರವಲು ಕ್ಯಾಮೆರಾದಲ್ಲಿ ಅವರ ಕಥೆಗಳನ್ನು ಹಿಡಿದು, ಪೇಟೆಯ ಅಂಗಡಿಯಲ್ಲಿ ಒಂಬತ್ತು ಅಧ್ಯಾಯ ಮಾಡಿಸಿದ್ದೆ. ಆಮೇಲೆ ಪಾದ್ರಿಗಳ ಮಗಳ ಮದುವೆ ಬಂದು ಕ್ಯಾಮೆರಾದಲ್ಲಿದ್ದ ಅಜ್ಜಿಯನ್ನು ಅಳಿಸಿ ಮದುಮಗಳನ್ನು ತುಂಬಿದ ಕಾರಣ, ಬೇರೆ ಪ್ರತಿ ಇಲ್ಲ.

ಒಂಬತ್ತನೆಯ ಅಧ್ಯಾಯ ಕಡಲ ತಳದ ಮುದುಕಿಯ ಕಥೆ. ಮುದುಕಿ ಒಬ್ಬ ಹುಡುಗಿಗೆ ಮೂರು ಗಂಟಿನ ಬುಟ್ಟಿ ಕೊಟ್ಟು, ದಡ ಸೇರುವವರೆಗೆ ಬಿಚ್ಚಬೇಡ ಎನ್ನುತ್ತಾಳೆ. ಬಾಲ್ಯದುದ್ದಕ್ಕೂ ನಾನು ಎರಡನೆಯ ಗಂಟಿನವರೆಗೆ ಎಚ್ಚರವಿದ್ದು ಮೂರನೆಯದಕ್ಕೆ ನಿದ್ದೆ ಹೋಗಿರುತ್ತೇನೆ. ಕ್ರಿಸ್ಮಸ್ಸಿನ ರಾತ್ರಿಯೂ ಕ್ಯಾಮೆರಾವನ್ನು ಮೇಜಿನ ಮೇಲೆ ಓಡಲು ಬಿಟ್ಟು ಅಲ್ಲಿಗೇ ನಿದ್ದೆ ಹೋಗಿದ್ದೆ. ಡಿವಿಡಿ ಬಂದ ದಿನ, ಸರಿಯಾಗಿ ಮೂರನೆಯ ಗಂಟಿಗೆ ಅಣ್ಣ ಕೆಮ್ಮಿದ. ಪಕ್ಕದಲ್ಲಿ ಚಾಪೆ ಹೆಣೆಯುತ್ತಿದ್ದ ಅಜ್ಜಿ, "ನಾಳೆ ನೋಡ್ತೀಯಂತೆ ಏಳೇ. ಬುಟ್ಟಿ ಎಲ್ಲೂ ಓಡಿಹೋಗಲ್ಲ" ಎಂದರು.

ಬುಟ್ಟಿ ಓಡಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಏಳಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ನಾನು ಬೇಲಿಯ ಮೇಲಿಂದ ಇಣುಕಿ, ಕೇಳದೆಯೇ ಕೇಳಿದ್ದು ತಮಗೆ ನೆನಪಿರಬಹುದು:

"ಅತ್ತೆ, ಆ ಕೆಂಪು ಚುಕ್ಕೇದು ಭಾಳ ಚೆನ್ನಾಗಿ ಹೊಳೀತಿದೆ."

"ಹೂಂ ಕಣೆ. ಉಳಿದವೆಲ್ಲ ದಂಡ. ಪಿಕಳಾರಗಳು ಹೆದರೋದು ಅದೊಂದಕ್ಕೇ. ಎಷ್ಟಂದ್ರೂ ಅಮ್ಮನ ಮನೇದಲ್ವಾ."

ಅಂಗಡಿಯವನನ್ನು ವಿಚಾರಿಸಲಾಗಿ, "ನಾವು ಡಿವಿಡಿಗೆ ಬರೆದುಕೊಡೋದನ್ನ ಬಿಸಿಲಿಗಿಟ್ರೆ ಕಥೆ ಮುಗೀತು. ಹೆಚ್ಚಂದ್ರೆ ಒಂದು ತಿಂಗಳು. ಆಮೇಲೆ ಮುಖ ನೋಡ್ಕೊಬೋದು ಅಷ್ಟೇ" ಎಂದನು. ಇಂದಿಗೆ ಹತ್ತೊಂಬತ್ತು ದಿನ. ನಾನು ಕಚೇರಿಯಲ್ಲಿ ಕೂತು ಬೆರಳಚ್ಚು ಮಾಡುತ್ತಿರುವಾಗ, ಅಲ್ಲಿ ಸೂರ್ಯನು ದಿನಕ್ಕೊಂದು ತುತ್ತಿನಂತೆ ಅಜ್ಜಿಯನ್ನು ತಿನ್ನುತ್ತಿದ್ದಾನೆ.

ಆದ್ದರಿಂದ ನಾನು ಡಿವಿಡಿಯನ್ನು ವಾಪಸು ಕೋರುತ್ತಿಲ್ಲ. ಅದು ತಮ್ಮದೇ. ಅದೇ ದಿನ ನಮ್ಮ ಕಪಾಟಿನಿಂದ ಒಯ್ದ, ಅದನ್ನು ನೋಡುವ ಯಂತ್ರವೂ ತಮ್ಮದೇ. ತಮ್ಮ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು, ತಲೆಯ ಮೇಲೆ ಗಾಯನ ತಂಡದ ಬಹುಮಾನದ ಕಪ್ಪು ಹೊತ್ತು, ಒಮ್ಮೆಯೂ ಬಾಯಿ ತೆರೆಯದೆ ಕೂತಿದೆ. ಅದರ ಬಾಯಿಗೆ ಅಜ್ಜಿಯನ್ನು ಒಂದೇ ಒಂದು ಸಲ ಹಾಕಿ, ಬಾಗಿಲ ಬಳಿ ತಮಗಿಂತ ತಗ್ಗಿನ ಜಾಗದಲ್ಲಿ ನನ್ನನ್ನು ಕೂರಿಸಬೇಕು. ಅಣ್ಣನಿಗೆ ಆ ಹೊತ್ತು ಕೆಮ್ಮದಂತೆ ಆದೇಶಿಸಬೇಕು. ಅಲ್ಲಿಯವರೆಗೆ ಡಿವಿಡಿಯನ್ನು ನೆರಳಿಗೆ ಸ್ಥಳಾಂತರಿಸಿದಲ್ಲಿ, ಟೊಮೇಟೊ ಸಾಲಿನಲ್ಲಿ ನಾನೇ ಕೈ ಚಾಚಿ ನಿಲ್ಲಲು ಸಿದ್ಧಳಿದ್ದೇನೆ.

ಒಂದು ವೇಳೆ ಬಿಸಿಲು ಈಗಾಗಲೇ ತನ್ನ ಕೆಲಸ ಮುಗಿಸಿದ್ದಲ್ಲಿ, ನಾಲ್ಕನೆಯ ಅಧ್ಯಾಯದಲ್ಲಿ ಅಜ್ಜಿ ನಗುತ್ತಾ ಹೇಳಿರುವುದನ್ನು ಯಥಾವತ್ತಾಗಿ ಸಲ್ಲಿಸುತ್ತಿದ್ದೇನೆ: "ನಮ್ಮ ಲೋಸಲೀನೆ ಎಲ್ಲಾ ಎತ್ಕೊಂಡ್ ಹೋಗ್ತಾಳೆ ಅಂತ ಬೈತೀರಿ. ಆ ಬುಟ್ಟಿ ಕಥೇನೂ ಕೊನೇತನಕ ಎತ್ಕೊಂಡ್ ಹೋದೋಳು ಅವಳೊಬ್ಬಳೇ. ಮಿಕ್ಕೋರೆಲ್ಲ ಅರ್ಧಕ್ಕೇ ಗೊರಕೆ."

ಕೇಳುವ ಹಕ್ಕು ನನಗಿಲ್ಲ. ಈ ಸಲ ನಿದ್ದೆ ಮಾಡುವುದಿಲ್ಲವೆಂದು ಮಾತ್ರ ಈ ಮೂಲಕ ಪ್ರಮಾಣೀಕರಿಸುತ್ತೇನೆ.

ತಮ್ಮ ವಿಶ್ವಾಸಿ, ತಗ್ಗಿನಲ್ಲಿ ಕೂರುವ,
ಕಲೊಲೈನೆ

ಲಗತ್ತುಗಳು:
1. ಬದಲಿ ವ್ಯವಸ್ಥೆಗಾಗಿ ಉಜ್ಜಿ ಬೆಳಗಿದ ಮಾಂಸದ ಡಬ್ಬಿಯ ಮುಚ್ಚಳಗಳು, ಆರು. ದಾರ ಸಮೇತ.
2. ಕೆಂಪು ಚುಕ್ಕೆಯದರ ಖಾಲಿ ಪೆಟ್ಟಿಗೆ.
3. ಆ ಡಬ್ಬಿಗಳ ಮಾಂಸವನ್ನು ತೆಂಗಿನ ಹಾಲಿನ ಜೊತೆ ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಲೂ. ಬಿಸಿ ಇದೆ, ಅರ್ಜಿ ಓದುವ ಮೊದಲೇ ತಿನ್ನತಕ್ಕದ್ದು.

ವಿ.ಸೂ.: ಲಿಖಿತ ಉತ್ತರದ ಶ್ರಮ ಬೇಡ. ಸಂಜೆ ಬೇಲಿಯ ಬಳಿ ಇರುತ್ತೇನೆ. ತಾವು ಮೂರನೆಯ ಗಂಟಿನಿಂದ ಶುರು ಮಾಡಿದಲ್ಲಿ, ಅರ್ಜಿ ಮಂಜೂರಾಗಿದೆಯೆಂದು ಭಾವಿಸಲಾಗುವುದು.